ಗಾಜಿನ ತೊಟ್ಟಿಯ ಕಡಲು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ಶುಭಸಮಾರಂಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಾಗ, ಕನ್ನಡ ಪಂಡಿತರಾದ ನಾವು ಯಾವುದಾದರೊಂದು ಕಾವ್ಯಪ್ರಸಂಗವನ್ನು ಎತ್ತಿಕೊಳ್ಳುವೆವೆಂದು ಅವರು ಎಣಿಸಿದ್ದಿರಬೇಕು. ನಾವು ಆರಿಸಿಕೊಂಡ ವಿಷಯವಾದರೋ ಒಂದು ನೀರಿನ ತೊಟ್ಟಿ. ನಮ್ಮ ಶಾಲೆಯ ವಿಜ್ಞಾನದ ಕೊಠಡಿಯ ಮೂಲೆಯಲ್ಲಿ ಎರಡಡಿ ಉದ್ದ, ಒಂದಡಿ ಅಗಲ, ಒಂದೂಕಾಲಡಿ ಎತ್ತರದ ಗಾಜಿನ ತೊಟ್ಟಿಯೊಂದಿದೆ. ಅದರಲ್ಲಿ ಸುಮಾರು 60 ಲೀಟರ್ ಉಪ್ಪುನೀರು, ಒಂದಿಷ್ಟು ಕಲ್ಲು, ಒಂದಿಷ್ಟು ಮರಳು, ಎರಡು ಮೀನು, ಕೆಲವು ಬಸವನಹುಳುಗಳು ಇವೆ. ಇದರಲ್ಲಿ ಪಂಡಿತರಿಗೇನು ಕೆಲಸವೆಂದು ತಾವು ಕೇಳಬಹುದು. ತೊಟ್ಟಿಯನ್ನು ಸಿದ್ಧಗೊಳಿಸಿದವರು ವಿಜ್ಞಾನದ ಅಧ್ಯಾಪಕರು ಮತ್ತು ಒಂಬತ್ತನೆಯ ತರಗತಿಯ ಮಕ್ಕಳು. ಮಕ್ಕಳು ಅದರ ದಿನಚರಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದರು. ಅದನ್ನು ತಿದ್ದುವ ಕೆಲಸ ನಮ್ಮ ಪಾಲಿಗೆ ಬಂದಿತು. ಒತ್ತಕ್ಷರಗಳನ್ನು ತಿದ್ದಲು ಹೋದ ನಾವು ನೀರಿನ ಪಾಠವನ್ನು ಕಲಿತು ಬಂದೆವು. ಆ ಪಾಠವನ್ನೇ ಇಂದು ತಮ್ಮ ಮುಂದೆ ಒಪ್ಪಿಸುತ್ತಿದ್ದೇವೆ.

ಇಂತಹ ತೊಟ್ಟಿಗೆ ರೀಫ್ ಅಕ್ವೇರಿಯಂ ಎಂದು ಹೆಸರು. ಎಂದರೆ ಹವಳದ ದಿಬ್ಬದ ನೀರನ್ನೂ ಬಾಳನ್ನೂ ಗಾಜಿನೊಳಗೆ ಕಿರಿದಾಗಿ ಕಟ್ಟಿಕೊಳ್ಳುವ ಪ್ರಯತ್ನ. ಹವಳದ ದಿಬ್ಬವೆಂಬುದು ಕಾಸರಗೋಡಿನ ನಮಗೆ ತೀರ ಪರಕೀಯವಾದ ವಸ್ತುವಲ್ಲ. ನಮ್ಮ ತೀರದಿಂದ ಪಡುವಣಕ್ಕೆ ಹೋದರೆ ಲಕ್ಷದ್ವೀಪಸಮೂಹ. ಅದರಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ದ್ವೀಪಗಳು 1956ರವರೆಗೆ ನಮ್ಮಂತೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಆ ವರ್ಷದ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು; ಅದೇ ದಿನ ಆ ದ್ವೀಪಗಳು ಕೇಂದ್ರಾಡಳಿತಕ್ಕೆ ಸೇರಿದವು. ಒಂದೇ ಮನೆಯಿಂದ ಒಂದೇ ದಿನ ಎರಡು ದಾರಿ ಹಿಡಿದ ಬಂಧುಗಳು ನಾವು. ಆ ದ್ವೀಪಗಳ ನೆಲವೆಲ್ಲ ಹವಳದ ಜೀವಿಗಳು ಕಟ್ಟಿಕೊಟ್ಟ ಸುಣ್ಣದ ನೆಲವೇ.

ಹಾಗೆಂದು ಹವಳವನ್ನು ಕಡಲಿನಿಂದ ಕಿತ್ತು ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಗಟ್ಟಿಹವಳಗಳನ್ನು ಸೇರಿಸಲಾಯಿತು. ಹುಲಿಗೆ ಇರುವ ರಕ್ಷೆಯೇ ಅವಕ್ಕೂ ಇದೆ. ಆದುದರಿಂದ ನಮ್ಮ ತೊಟ್ಟಿಯಲ್ಲಿರುವುದು ಬೆಂಕಿಯಲ್ಲಿ ಸುಟ್ಟ ಸರಂಧ್ರವಾದ ಮಣ್ಣಿನ ಕಲ್ಲುಗಳು. ಮೀನುಗಳು ಮೊಟ್ಟೆಕೇಂದ್ರದಲ್ಲಿ ಹುಟ್ಟಿ ಬೆಳೆದ ಕ್ಲೌನ್ ಮೀನುಗಳು. ಈ ಮೀನುಗಳನ್ನು ಮನುಷ್ಯನ ಆರೈಕೆಯಲ್ಲಿಯೇ ಮರಿ ಮಾಡಿಸುವ ವಿದ್ಯೆಯನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮಂಡಪಂ, ವಿಳಿಂಜಂ ಮೊದಲಾದೆಡೆಗಳಲ್ಲಿ ಸಾಧಿಸಿದ್ದಾರೆ. ಹವಳವಿಲ್ಲದ ಹವಳದಿಬ್ಬವೇ ಎಂದು ಯಾರಾದರೂ ನಕ್ಕರೆ ನಮ್ಮ ಆಕ್ಷೇಪವಿಲ್ಲ. ಆದರೆ ನೀರು ಮಾತ್ರ ಹವಳವೂ ಬದುಕಬಲ್ಲಂತಹ ನೀರಾಗಿರಬೇಕೆಂಬುದು ಮಕ್ಕಳ ಹಟವಾಗಿದ್ದಿತು. ಆ ಹಟದ ಕಥೆಯೇ ಈ ಭಾಷಣ.

ಮೊದಲನೆಯ ಪ್ರಯತ್ನ ಒಂಬತ್ತು ದಿನಗಳಲ್ಲಿ ಮುಗಿದುಹೋಯಿತು. ನೀರಿಗೆ ಉಪ್ಪು ಕಲಸಿದ್ದಾಯಿತು, ಪಂಪು ಓಡಿದ್ದಾಯಿತು, ಸ್ಪಂಜಿನ ಸೋಸುಗ ಕುಳಿತದ್ದಾಯಿತು. ಎರಡನೆಯ ದಿನ ನೀರು ಸ್ಫಟಿಕದಂತೆ ತಿಳಿಯಾಯಿತು. ಮೂರನೆಯ ದಿನ ಮೂರು ಮೀನುಗಳನ್ನು ಬಿಟ್ಟರು. ಆರನೆಯ ದಿನ ಒಂದು, ಎಂಟನೆಯ ದಿನ ಇನ್ನೊಂದು, ಒಂಬತ್ತನೆಯ ದಿನ ಉಳಿದುದು ಸತ್ತವು. ನೀರು ಕೊನೆಯವರೆಗೂ ತಿಳಿಯಾಗಿಯೇ ಇದ್ದಿತು. ದಿನಚರಿಯಲ್ಲಿ ಒಬ್ಬ ಹುಡುಗ, ನೀರು ಇಷ್ಟು ಶುದ್ಧವಾಗಿದ್ದರೂ ಮೀನುಗಳು ಏಕೆ ಸತ್ತವೆಂದು ತಿಳಿಯದು, ಎಂದು ಬರೆದಿದ್ದನು. ನಾವು ಆ ವಾಕ್ಯದಲ್ಲಿ ಕಾಗುಣಿತದ ತಪ್ಪನ್ನು ಹುಡುಕುತ್ತಿದ್ದೆವು. ತಪ್ಪಿದ್ದುದು ಶುದ್ಧ ಎಂಬ ಮಾತಿನ ಅರ್ಥದಲ್ಲಿ. ತಿಳಿಯಾದುದೆಲ್ಲ ಶುದ್ಧವಲ್ಲ. ವಿಜ್ಞಾನದ ಅಧ್ಯಾಪಕರು ಪರೀಕ್ಷೆಯ ದ್ರವದ ಕೆಲವು ಹನಿಗಳನ್ನು ಹಾಕಿದಾಗ ಹಳದಿಯಾಗಿಯೇ ಉಳಿಯಬೇಕಾಗಿದ್ದ ನೀರು ಕಡುಹಸುರಾಯಿತು. ಅದು ಅಮೋನಿಯಾದ ಗುರುತು.

ಮೀನು ತಿನ್ನುತ್ತದೆ, ತಿಂದುದರ ಮಲಿನವನ್ನು ಬಹುಭಾಗ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿಯೇ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಬರುವುದು ಅದೇ. ನೀರಿನಲ್ಲಿ ಅಮೋನಿಯಾಕ್ಕೆ ಎರಡು ರೂಪಗಳುಂಟು: ಒಂದು ಕಿವಿರನ್ನು ದಾಟಿ ಒಳಹೊಗುವ ಘೋರವಿಷ, ಇನ್ನೊಂದು ಅಷ್ಟಾಗಿ ಕೇಡಿಲ್ಲದ್ದು. ನೀರಿನ ಪಿ.ಎಚ್. ಒಂದಂಕೆ ಏರಿದರೆ ವಿಷರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಸಿಹಿನೀರಿನ ತೊಟ್ಟಿಯ ಪಿ.ಎಚ್. ಸಾಮಾನ್ಯವಾಗಿ 7ರ ಆಸುಪಾಸು, ಕಡಲನೀರಿನದು 8.1ರ ಆಸುಪಾಸು. ಆದುದರಿಂದ ಸಿಹಿನೀರಿನ ಮೀನು ಹೇಗೋ ಸಹಿಸಿಕೊಂಡೀತೆನ್ನುವಷ್ಟು ಅಮೋನಿಯಾ ಕಡಲಮೀನಿಗೆ ಮೃತ್ಯುವಾಗುತ್ತದೆ. ಸಮುದ್ರಮಥನದಲ್ಲಿ ಅಮೃತಕ್ಕಿಂತ ಮೊದಲು ಹಾಲಾಹಲ ಹುಟ್ಟಿತೆಂದು ಪುರಾಣವನ್ನು ಪಾಠ ಹೇಳುವವರು ನಾವು. ಹೊಸ ತೊಟ್ಟಿಯಲ್ಲಿಯೂ ಮೊದಲು ಹುಟ್ಟುವುದು ವಿಷವೇ ಎಂಬುದು ಆಗ ನಮಗೆ ಹೊಳೆಯಲಿಲ್ಲ.

ಇಲ್ಲಿ ಒಂದು ಮಾತಿನ ವಿಚಾರವನ್ನು ಹೇಳಿಯೇ ಮುಂದೆ ಹೋಗಬೇಕು. ಕನ್ನಡದಲ್ಲಿ ಸೋಸು ಎಂದರೆ ಬಟ್ಟೆಯಲ್ಲಿ ಹಾಯಿಸಿ ಗಸಿಯನ್ನು ತೆಗೆಯುವುದು. ಶೋಧಿಸು ಎಂಬುದಕ್ಕೆ ಎರಡು ಅರ್ಥಗಳುಂಟು: ಶುದ್ಧಿ ಮಾಡುವುದು ಒಂದು, ಹುಡುಕಿ ತಿಳಿಯುವುದು ಇನ್ನೊಂದು. ನಮ್ಮ ಮಕ್ಕಳು ಮೊದಲು ನೀರನ್ನು ಸೋಸಿದರು; ಮೀನುಗಳು ಸತ್ತ ಮೇಲೆ ಶೋಧಿಸಲಾರಂಭಿಸಿದರು. ತೊಟ್ಟಿಯ ನೀರಿಗೆ ಈ ಎರಡನೆಯದೇ ಬೇಕಾದುದು.

ಶೋಧನೆ ಮೂರು ಬಗೆ. ಕಣ್ಣಿಗೆ ಕಾಣುವ ಕಸವನ್ನು ಸ್ಪಂಜು, ಅರಳೆ ಮುಂತಾದುವುಗಳಲ್ಲಿ ತಡೆದು ತೆಗೆಯುವುದು ಒಂದು. ನೀರಿನಲ್ಲಿ ಕರಗಿದ ವಸ್ತುಗಳನ್ನು ಇದ್ದಿಲು ಮೊದಲಾದುವು ಹಿಡಿದುಕೊಳ್ಳುವುದು ಇನ್ನೊಂದು. ಕಣ್ಣಿಗೆ ಕಾಣದ ಜೀವಿಗಳು ವಿಷವನ್ನು ತಿಂದು ಅದನ್ನು ಬೇರೆ ವಸ್ತುವನ್ನಾಗಿ ಮಾಡುವುದು ಮೂರನೆಯದು. ಮೂರರಲ್ಲಿ ಇದೇ ಮುಖ್ಯ. ಒಂದು ಪಂಗಡದ ಸೂಕ್ಷ್ಮಾಣುಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಇನ್ನೊಂದು ಪಂಗಡದವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟಿನ ವಿಷ ಬಹಳ ಕಡಿಮೆ. ಈ ಸೂಕ್ಷ್ಮಾಣುಗಳು ಈಜಾಡುತ್ತಿರುವವಲ್ಲ. ಕಲ್ಲು, ಮರಳು, ಸ್ಪಂಜುಗಳ ಮೈಗೆ ಲೋಳೆಯಂತೆ ಅಂಟಿಕೊಂಡು ಸಂಸಾರ ಹೂಡುತ್ತವೆ.

ಈ ವಿಷಯದ ಚರಿತ್ರೆಯಲ್ಲಿ ಒಂದು ರಮ್ಯವಾದ ಸಂಗತಿಯಿದೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರ ಸುಮಾರಿಗೆ ಗಾಜಿನ ಪಾತ್ರೆಯಲ್ಲಿ ಮೀನು, ನೀರ್ಗಿಡ, ಬಸವನಹುಳುಗಳನ್ನು ಕೂಡಿಸಿಟ್ಟು, ಒಂದರ ತ್ಯಾಜ್ಯ ಇನ್ನೊಂದರ ಆಹಾರವಾಗುವಂತೆ ಮಾಡಿ, ನೀರು ಬಹುಕಾಲ ಕೆಡದಂತಿರುವುದನ್ನು ತೋರಿಸಿದನು. ಲಂಡನ್ ಪ್ರಾಣಿಸಂಗ್ರಹಾಲಯದಲ್ಲಿ 1853ರಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಾಲಯ ತೆರೆಯಿತು. ಆತನ ಮಗನ ಹೆಸರೂ ರಾಬರ್ಟ್ ವಾರಿಂಗ್ಟನ್. ಮಗ ರಾಥಮ್‌ಸ್ಟೆಡ್ ಎಂಬಲ್ಲಿ ಹೊಲದ ಮಣ್ಣನ್ನು ಪರೀಕ್ಷಿಸುತ್ತ, ಅಮೋನಿಯಾ ನೈಟ್ರೇಟ್ ಆಗುವುದು ಎರಡು ಹೆಜ್ಜೆಗಳಲ್ಲಿ, ಎರಡು ಬೇರೆ ಬೇರೆ ಜೀವಿಗಳಿಂದ ಎಂಬುದನ್ನು ಕಂಡುಕೊಂಡನು. ತಂದೆ ತೊಟ್ಟಿಯನ್ನು ಕಟ್ಟಿದ. ಅದರ ನೀರನ್ನು ಕಾಯುವವರು ಯಾರೆಂಬುದನ್ನು ಮಗ ಮಣ್ಣಿನಲ್ಲಿ ಹುಡುಕಿದ. ರಷ್ಯದ ಸೆರ್ಗೆಯ್ ವಿನೋಗ್ರಾದ್‌ಸ್ಕಿ 1890ರಲ್ಲಿ ಆ ಸೂಕ್ಷ್ಮಾಣುಗಳನ್ನು ಬೇರ್ಪಡಿಸಿ ಬೆಳೆಸಿದನು. ಶೋಧನೆ ಅಲ್ಲಿಗೂ ಮುಗಿಯಲಿಲ್ಲ. ಅಮೆರಿಕದ ಸಿಯಾಟಲ್ ನಗರದ ಮತ್ಸ್ಯಾಲಯದ ಕಡಲತೊಟ್ಟಿಯೊಂದರ ಜಲ್ಲಿಕಲ್ಲಿನಿಂದ, ಅಮೋನಿಯಾವನ್ನೇ ಉಂಡು ಬದುಕುವ, ಬ್ಯಾಕ್ಟೀರಿಯಾಗಳಿಗಿಂತ ಬೇರೆಯೇ ಕುಲದ ಸೂಕ್ಷ್ಮಜೀವಿಯೊಂದನ್ನು 2005ರಲ್ಲಿ ವಿಜ್ಞಾನಿಗಳು ಪ್ರಕಟಪಡಿಸಿದರು. ಅಂತಹ ಜೀವಿಗಳು ಮಹಾಸಾಗರಗಳಲ್ಲೆಲ್ಲ ತುಂಬಿವೆಯೆಂದು ಈಗ ಗೊತ್ತಾಗಿದೆ. ಮಹಾಸಾಗರದ ಒಂದು ದೊಡ್ಡ ಗುಟ್ಟು ತೊಟ್ಟಿಯ ಜಲ್ಲಿಯಲ್ಲಿ ಸಿಕ್ಕಿತು.

ಎರಡನೆಯ ಪ್ರಯತ್ನದಲ್ಲಿ ಮಕ್ಕಳು ಆತುರಪಡಲಿಲ್ಲ. ಪರಿಚಿತರೊಬ್ಬರ ಹಳೆಯ ಕಡಲತೊಟ್ಟಿಯಿಂದ ಸ್ಪಂಜಿನ ತುಣುಕೊಂದನ್ನು ತಂದು ನೀರಿಗೆ ಹಾಕಿದರು. ಹಾಲಿಗೆ ಹೆಪ್ಪು ಹಾಕಿದಂತೆ ಎಂದು ಒಬ್ಬ ಹುಡುಗಿ ಬರೆದಳು. ಆ ಉಪಮೆಯನ್ನು ನಾವು ತಿದ್ದಲಿಲ್ಲ. ಮೀನಿಲ್ಲದ ತೊಟ್ಟಿಗೆ ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರವನ್ನು ಹಾಕಿ ಕೊಳೆಯಲು ಬಿಟ್ಟರು. ದಿನಚರಿಯಲ್ಲಿ ಅಂಕೆಗಳು ಸಾಲುಗಟ್ಟಿದವು. ಹನ್ನೊಂದನೆಯ ದಿನ ಅಮೋನಿಯಾ ಶಿಖರಕ್ಕೇರಿ ಇಳಿಯತೊಡಗಿತು; ಇಪ್ಪತ್ತನೆಯ ದಿನ ನೈಟ್ರೈಟಿನ ಸರದಿ; ಮೂವತ್ತೇಳನೆಯ ದಿನ ಎರಡೂ ಸೊನ್ನೆಯಾದವು, ನೈಟ್ರೇಟ್ ಮಾತ್ರ ಉಳಿಯಿತು. ಸಾಮಾನ್ಯವಾಗಿ ಇದಕ್ಕೆ ನಾಲ್ಕರಿಂದ ಆರು ವಾರಗಳು ಬೇಕು. ಯಾವ ಯಂತ್ರವೂ ಈ ಕಾಯುವಿಕೆಯನ್ನು ಪೂರ್ತಿಯಾಗಿ ತಪ್ಪಿಸಲಾರದು. ತಾಳಿದವನು ಬಾಳಿಯಾನು ಎಂಬ ಗಾದೆ ಇಲ್ಲಿ ಮೀನಿಗೆ ಅನ್ವಯಿಸುತ್ತದೆ: ನಾವು ತಾಳಿದರೆ ಅದು ಬಾಳುತ್ತದೆ.

ಕಲ್ಲಿನ ಮಹಿಮೆಯೂ ಆಗಲೇ ತಿಳಿದುದು. ಸರಂಧ್ರವಾದ ಕಲ್ಲಿನ ಹೊರಮೈಯಲ್ಲಿ ಪ್ರಾಣವಾಯುವಿದೆ. ಅಮೋನಿಯಾವನ್ನು ತಿನ್ನುವವರ ವಾಸ ಅಲ್ಲಿ. ಒಳಗಿನ ಸಂದುಗಳಲ್ಲಿ ಪ್ರಾಣವಾಯು ಇಲ್ಲದಂತಾಗುತ್ತದೆ. ಅಲ್ಲಿ ಬೇರೊಂದು ಬಗೆಯ ಸೂಕ್ಷ್ಮಾಣುಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ಬಿಟ್ಟುಕೊಡುತ್ತವೆ. ಜಕಾರ್ತದ ಲೀ ಚಿನ್ ಎಂಗ್ ಎಂಬವರು ಕಡಲಿನ ಜೀವಂತ ಕಲ್ಲು, ಕಡಲಿನ ನೀರು, ಗಾಳಿಯ ಗುಳ್ಳೆ, ಬೆಳಕು ಇಷ್ಟರಿಂದಲೇ ಹವಳಗಳನ್ನೂ ಮೀನುಗಳನ್ನೂ ಸಾಕಿ, ಆ ವಿಧಾನವನ್ನು 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದರು. ಅಂದಿನಿಂದ ಯಂತ್ರಗಳು ಎಷ್ಟೋ ಬಂದಿವೆ. ಆದರೂ ಕಲ್ಲು ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ.

ಯಂತ್ರಗಳಲ್ಲಿ ಒಂದನ್ನು ಹೇಳಲೇಬೇಕು. ಅದು ನೊರೆ ತೆಗೆಯುವ ಯಂತ್ರ. ಆಟಿ ತಿಂಗಳಲ್ಲಿ ನಮ್ಮ ಕಡಲತೀರಕ್ಕೆ ಹೋದವರು ಅಲೆ ತಂದುಹಾಕುವ ಹಳದಿ ಬಣ್ಣದ ನೊರೆಯನ್ನು ಕಂಡಿರಬಹುದು. ನೀರಿನಲ್ಲಿರುವ ಸಾವಯವ ವಸ್ತುಗಳಲ್ಲಿ ಕೆಲವಕ್ಕೆ ಗಾಳಿ ನೀರುಗಳ ಗಡಿಯಲ್ಲಿ ಅಂಟಿಕೊಳ್ಳುವ ಸ್ವಭಾವವುಂಟು. ಅತಿ ಸಣ್ಣ ಗುಳ್ಳೆಗಳನ್ನು ನೀರಿನಲ್ಲಿ ಏಳಿಸಿದರೆ ಅವು ಗುಳ್ಳೆಗಳ ಮೈಗೆ ಅಂಟಿಕೊಂಡು ಮೇಲೇರುತ್ತವೆ. ಆ ನೊರೆಯನ್ನು ಬಟ್ಟಲಿಗೆ ಇಳಿಸಿ ಚೆಲ್ಲಿಬಿಟ್ಟರಾಯಿತು. ಆಲೆಮನೆಯಲ್ಲಿ ಕಬ್ಬಿನ ಹಾಲಿನ ಮೇಲಣ ಕಲ್ಮಷವನ್ನು ಜಾಲರಿಯಿಂದ ತೆಗೆಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಪ್ಪುನೀರಿನಲ್ಲಿ ಗುಳ್ಳೆಗಳು ಬೇಗ ಒಂದಾಗದೆ ಸಣ್ಣದಾಗಿಯೇ ಉಳಿಯುವುದರಿಂದ ಈ ಯಂತ್ರ ಕಡಲತೊಟ್ಟಿಗೆ ಚೆನ್ನಾಗಿ ಒಪ್ಪುತ್ತದೆ. ಕೊಳೆತು ಅಮೋನಿಯಾ ಆಗುವುದಕ್ಕಿಂತ ಮೊದಲೇ ಕಲ್ಮಷವನ್ನು ಹೊರಗೆ ಕಳುಹಿಸುವುದು ಇದರ ಗುಣ. ನೀರಿನ ಹಳದಿ ಬಣ್ಣವನ್ನೂ ವಾಸನೆಯನ್ನೂ ತೆಗೆಯಲು ಇದ್ದಿಲು. ಉತ್ತಮ ಇದ್ದಿಲಾಗುವುದು ನಮ್ಮೂರಿನ ತೆಂಗಿನ ಗೆರಟೆಯೇ. ಆದರೆ ಒಲೆಯ ಇದ್ದಿಲು ಸಾಲದು, ಬಿಸಿ ಉಗಿಯನ್ನು ಹಾಯಿಸಿ ಅದರ ಮೈಯಲ್ಲಿ ಅಸಂಖ್ಯ ಸೂಕ್ಷ್ಮರಂಧ್ರಗಳನ್ನು ಬಿಡಿಸಿರಬೇಕು.

ಇನ್ನು ಉಪ್ಪಿನ ಮಾತು. ಕಡಲನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿವೆ. ಅಡಿಗೆಯ ಉಪ್ಪನ್ನೇ ಅಷ್ಟು ತೂಕಕ್ಕೆ ಹಾಕಿದರೆ ಕಡಲಾಗುವುದೆಂದು ಒಬ್ಬ ಹುಡುಗ ವಾದಿಸಿದನು. ಆಗುವುದಿಲ್ಲ. ಉಪ್ಪಿನ ಗದ್ದೆಯಲ್ಲಿ ನೀರು ಆರುವಾಗ ಸುಣ್ಣದ ಲವಣಗಳು ಮೊದಲೇ ತಳಕ್ಕಿಳಿಯುತ್ತವೆ. ನಡುವೆ ಅಡಿಗೆಯ ಉಪ್ಪು ಹರಳುಗಟ್ಟುತ್ತದೆ. ಕೊನೆಗೆ ಉಳಿದ ಕಹಿನೀರಿನಲ್ಲಿ ಮೆಗ್ನೀಸಿಯಂ ನಿಲ್ಲುತ್ತದೆ. ನಡುವಿನದನ್ನು ಮಾತ್ರ ನಾವು ಊಟಕ್ಕೆ ತಂದುಕೊಳ್ಳುತ್ತೇವೆ. ದಿಬ್ಬದ ಜೀವಿಗಳಿಗಾದರೋ ಲೀಟರಿಗೆ 400 ಮಿಲಿಗ್ರಾಂ ಮೇಲ್ಪಟ್ಟು ಕ್ಯಾಲ್ಸಿಯಂ, 1300 ಮಿಲಿಗ್ರಾಂ ಸುಮಾರು ಮೆಗ್ನೀಸಿಯಂ ಬೇಕು. ಹಾಗಾದರೆ ತೀರದಿಂದಲೇ ನೀರು ತರಬಾರದೇಕೆ? ತರಬಹುದು; ಆದರೆ ಮಳೆಗಾಲದಲ್ಲಿ ಚಂದ್ರಗಿರಿ ಹೊಳೆ ತುಂಬಿ ಹರಿಯುವಾಗ ಅಳಿವೆಯ ಬಳಿಯ ಕಡಲು ಅರ್ಧ ಹೊಳೆಯೇ ಆಗಿರುತ್ತದೆ; ಕೆಸರೂ ಊರಿನ ಕೊಳೆಯೂ ದೋಣಿಯ ಎಣ್ಣೆಯೂ ಬೆರೆತಿರುತ್ತವೆ. ಆದುದರಿಂದ ನಾವು ಕಡಲತೊಟ್ಟಿಗೆಂದೇ ತಯಾರಾಗುವ ಮಿಶ್ರಲವಣವನ್ನು ಶುದ್ಧನೀರಿನಲ್ಲಿ ಕರಗಿಸಿ, ಮಾಪಕದಿಂದ ಅಳೆದು ಉಪಯೋಗಿಸುತ್ತೇವೆ.

ಈಗ ಈ ಭಾಷಣದ ಮುಖ್ಯವಾದ ಮಾತಿಗೆ ಬರುತ್ತೇವೆ. ದೊಡ್ಡ ನೀರು ಎಷ್ಟೋ ತಪ್ಪುಗಳನ್ನು ನುಂಗಿಕೊಳ್ಳುತ್ತದೆ. ಪುಟ್ಟ ನೀರು ಯಾವುದನ್ನೂ ಮರೆಯುವುದಿಲ್ಲ. ಇದಕ್ಕೆ ಮೂರು ಲೆಕ್ಕಗಳನ್ನು ಒಪ್ಪಿಸುತ್ತೇವೆ.

ಮೊದಲನೆಯದು ಆವಿಯ ಲೆಕ್ಕ. ನಮ್ಮ ತೊಟ್ಟಿಯಿಂದ ಬೇಸಗೆಯಲ್ಲಿ ದಿನಕ್ಕೆ ಸುಮಾರು ಒಂದು ಲೀಟರ್ ನೀರು ಆವಿಯಾಗುತ್ತದೆ. ಹೋಗುವುದು ನೀರು ಮಾತ್ರ. ಉಪ್ಪು ಒಳಗೇ ಉಳಿಯುತ್ತದೆ. ಹತ್ತು ದಿನಗಳ ರಜೆಯಲ್ಲಿ ಯಾರೂ ನೋಡದಿದ್ದರೆ 60 ಲೀಟರ್ 50 ಆಗುತ್ತದೆ. 35 ಗ್ರಾಂ ಇದ್ದ ಲವಣ 42 ಗ್ರಾಂ ಆಗುತ್ತದೆ. ಕೊರತೆಯಾದುದು ಉಪ್ಪುನೀರು ತಾನೆ ಎಂದು ಉಪ್ಪುನೀರನ್ನೇ ಹೊಯ್ದರೆ ಇನ್ನೂ ಕೇಡು. ಆವಿಯಾದುದಕ್ಕೆ ಸಿಹಿನೀರನ್ನೇ ತುಂಬಬೇಕು. ಅದೂ ಪ್ರತಿದಿನ, ಗಾಜಿನ ಮೇಲೆ ಗೆರೆ ಎಳೆದುಕೊಂಡು.

ಎರಡನೆಯದು ನೈಟ್ರೇಟಿನ ಲೆಕ್ಕ. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು, ಎಂದರೆ 6 ಲೀಟರ್ ನೀರನ್ನು ತೆಗೆದು ಹೊಸ ಉಪ್ಪುನೀರನ್ನು ಹಾಕುತ್ತೇವೆ. ವಾರದಲ್ಲಿ ಲೀಟರಿಗೆ 5 ಮಿಲಿಗ್ರಾಂ ನೈಟ್ರೇಟ್ ಹೆಚ್ಚುತ್ತದೆನ್ನಿ, ಕಲ್ಲಿನೊಳಗೆ ಅದು ಕಳೆಯುವುದಿಲ್ಲವೆಂದೂ ಇಟ್ಟುಕೊಳ್ಳಿ. ನೀರು ಬದಲಿಸಿದೊಡನೆ ದೋಷವೆಲ್ಲ ಹೋಯಿತೆಂದು ಮಕ್ಕಳು ಭಾವಿಸಿದ್ದರು. ಗಣಿತದ ಅಧ್ಯಾಪಕರು ಕಪ್ಪುಹಲಗೆಯ ಮೇಲೆ ವಾರ ವಾರದ ಲೆಕ್ಕ ಬರೆದರು. ನೈಟ್ರೇಟ್ ಏರುತ್ತಲೇ ಹೋಗಿ 50ರ ಬಳಿ ನಿಂತಿತು. 50ರಲ್ಲಿ ಹತ್ತನೆಯ ಒಂದು ಪಾಲು 5. ಹೋದುದು ಬಂದುದು ಅಲ್ಲಿಗೆ ಸಮವಾಯಿತು. ಹವಳದ ದಿಬ್ಬಕ್ಕೆ ಇದು ಬಹಳ ಹೆಚ್ಚು. 5ರಿಂದ 10ರ ಒಳಗಿರುವುದು ಲೇಸು. ಐದರಲ್ಲೊಂದು ಪಾಲು ಬದಲಿಸಿದರೆ 25ಕ್ಕೆ ನಿಲ್ಲುತ್ತದೆ. ಮೊದಲಿನಷ್ಟೇ ನೀರು ಬದಲಿಸಿ ಮೀನಿನ ಆಹಾರವನ್ನು ಅರ್ಧಕ್ಕಿಳಿಸಿದರೂ ಅದೇ 25. ಹೊರಗೆ ಚೆಲ್ಲುವುದಕ್ಕಿಂತ ಒಳಗೆ ಹಾಕದಿರುವುದು ಸುಲಭವೆಂಬುದನ್ನು ಮಕ್ಕಳು ಆ ದಿನ ತಾವಾಗಿಯೇ ಬರೆದುಕೊಂಡರು.

ಮೂರನೆಯ ಲೆಕ್ಕ ಮಾತ್ರ ಕಪ್ಪುಹಲಗೆಯದಲ್ಲ. ಕಳೆದ ಬೇಸಗೆಯ ಹೊತ್ತಿಗೆ ತೊಟ್ಟಿಯಲ್ಲಿ ಎರಡು ಮೀನು, ಆರು ಬಸವನಹುಳುಗಳು, ಮೂರು ಸೀಗಡಿಗಳು ಸುಖವಾಗಿದ್ದವು. ಒಂದು ವಾರದೊಳಗೆ ಸೀಗಡಿಗಳು ಮೂರೂ ಸತ್ತವು. ಬಸವನಹುಳುಗಳು ಗಾಜಿನಿಂದ ಕಳಚಿಕೊಂಡು ಮರಳಿನ ಮೇಲೆ ಬಿದ್ದವು, ಮತ್ತೆ ಏಳಲಿಲ್ಲ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ಉಪ್ಪು 35, ಪಿ.ಎಚ್. 8.2. ಮೀನುಗಳೆರಡೂ ಎಂದಿನಂತೆ ಆಡುತ್ತಿದ್ದವು. ಎಲ್ಲವೂ ಸರಿಯಾಗಿದ್ದು ಸಾವು ಮಾತ್ರ ನಿಜವಾಗಿದ್ದಿತು. ವಿಜ್ಞಾನದ ಅಧ್ಯಾಪಕರಿಗೂ ಬಗೆಹರಿಯಲಿಲ್ಲ.

ಆ ಸಂಜೆ ನಾವು ದಿನಚರಿಯನ್ನು ಮನೆಗೆ ಒಯ್ದು, ತಿದ್ದುವುದಕ್ಕಲ್ಲ, ಓದುವುದಕ್ಕೆಂದೇ ಕುಳಿತೆವು. ಸುಮಾರು ಒಂದು ತಿಂಗಳ ಹಿಂದಿನ ಪುಟದಲ್ಲಿ ಹುಡುಗಿಯೊಬ್ಬಳ ಬರಹವಿದ್ದಿತು. ಶಾಲೆಗೆ ತರಿಸುತ್ತಿದ್ದ ಶುದ್ಧನೀರು ಮುಗಿದಿದೆ, ಅಂಗಡಿಯ ನೀರಿಗಿಂತ ನಮ್ಮ ಸುರಂಗದ ನೀರು ಒಳ್ಳೆಯದು, ಅಜ್ಜಿ ರಾತ್ರಿ ತಾಮ್ರದ ಹಂಡೆಯಲ್ಲಿ ತುಂಬಿಟ್ಟ ನೀರನ್ನು ದಿನವೂ ಒಂದು ಲೀಟರ್ ತರುತ್ತೇನೆ, ಎಂದು ಬರೆದಿದ್ದಳು. ಕೆಳಗೆ ನಮ್ಮದೇ ಕೆಂಪು ಮಸಿಯಲ್ಲಿ 'ಚೆನ್ನಾಗಿದೆ' ಎಂಬ ಮಾತಿದ್ದಿತು.

ಮುರಕಲ್ಲನ್ನು ಕೊರೆದು ತೆಗೆದ ಸುರಂಗದ ನೀರು ಎಷ್ಟು ಸಿಹಿಯೆಂಬುದು ಈ ಸಭೆಯವರಿಗೆ ಗೊತ್ತು. ತಾಮ್ರದ ಪಾತ್ರೆಯಲ್ಲಿ ರಾತ್ರಿ ಕಳೆದ ನೀರು ಆರೋಗ್ಯಕ್ಕೆ ಒಳ್ಳೆಯದೆಂದು ಹಿರಿಯರು ನಂಬಿದ್ದುದರಲ್ಲಿ ತಥ್ಯವೂ ಇದೆ. ಪಾತ್ರೆಯಿಂದ ಬಿಟ್ಟುಕೊಂಡ ಅತ್ಯಲ್ಪ ತಾಮ್ರ ರೋಗಾಣುಗಳನ್ನು ಕೊಲ್ಲುತ್ತದೆ. ಲೀಟರಿಗೆ 2 ಮಿಲಿಗ್ರಾಂವರೆಗೆ ತಾಮ್ರವಿರುವ ನೀರನ್ನು ಮನುಷ್ಯರು ಕುಡಿಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಹಂಡೆಯ ನೀರಿನಲ್ಲಿ ಅದರ ಹತ್ತನೆಯ ಒಂದು ಪಾಲು, ಲೀಟರಿಗೆ 0.2 ಮಿಲಿಗ್ರಾಂ ಇದ್ದಿತೆಂದು ಇಟ್ಟುಕೊಳ್ಳಿ. ಮೂವತ್ತು ದಿನಗಳಲ್ಲಿ ಮೂವತ್ತು ಲೀಟರ್ ನೀರು ಸೇರಿತು. ನೀರೆಲ್ಲ ಆವಿಯಾಗಿ ಹೋಯಿತು. 6 ಮಿಲಿಗ್ರಾಂ ತಾಮ್ರ ತೊಟ್ಟಿಯಲ್ಲಿ ಉಳಿಯಿತು. ವಾರದ ಬದಲಾವಣೆಯಲ್ಲಿ ಸ್ವಲ್ಪ ಹೋದರೂ ಲೀಟರಿಗೆ 0.1 ಮಿಲಿಗ್ರಾಮಿನ ಹತ್ತಿರ ಹತ್ತಿರ. ಮೀನಿನ ರೋಗಕ್ಕೆ ಮದ್ದಾಗಿ ತಾಮ್ರವನ್ನು ಹಾಕುವವರು ಬಳಸುವ ಪ್ರಮಾಣ ಇದಕ್ಕಿಂತ ತುಸು ಹೆಚ್ಚು, ಅಷ್ಟೆ. ಮೀನು ಅದನ್ನು ಸಹಿಸುತ್ತದೆ. ಬೆನ್ನೆಲುಬಿಲ್ಲದ ಸೀಗಡಿ, ಬಸವನಹುಳು, ಹವಳಗಳಿಗೆ ಅದು ವಿಷ. ಮೀನುಗಳು ಉಳಿದು ಇವು ಸತ್ತುದರ ಗುಟ್ಟು ಇದೇ. ಮರುದಿನ ತಾಮ್ರದ ಪರೀಕ್ಷೆ ಮಾಡಿದಾಗ ನೀರು ಬಣ್ಣ ತಿರುಗಿ ಸಾಕ್ಷಿ ಹೇಳಿತು. ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆಯನ್ನು ಉಳಿತಾಯದ ಪಾಠಕ್ಕೆಂದು ಎಷ್ಟೋ ಬಾರಿ ಬರೆಸಿದ್ದೆವು. ಅದು ವಿಷಕ್ಕೂ ಸಲ್ಲುತ್ತದೆಂದು ನಾವು ಬರೆಸಿರಲಿಲ್ಲ.

ವಿಷಯ ತಿಳಿದ ಹುಡುಗಿ ಎರಡು ದಿನ ವಿಜ್ಞಾನದ ಕೊಠಡಿಗೆ ಬರಲಿಲ್ಲ. ಮೂರನೆಯ ದಿನ ನಮ್ಮ ಬಳಿಗೆ ಬಂದು, ಆ ಪುಟವನ್ನು ತೆಗೆದುಬಿಡಬಹುದೇ ಎಂದು ಕೇಳಿದಳು. ಅಜ್ಜಿಯ ಮಾತು ಕೇಳಿ ಹೀಗಾಯಿತೆಂದು ಮನೆಯಲ್ಲಿ ಹೇಳುವುದು ಹೇಗೆಂಬ ಸಂಕಟವೂ ಅವಳಿಗಿದ್ದಿತು. ನಾವು ಹೇಳಿದುದಿಷ್ಟು: ಅಜ್ಜಿ ತಿಳಿದಿರುವುದು ಮನುಷ್ಯರಿಗೆ ಬೇಕಾದ ನೀರನ್ನು, ಅದರಲ್ಲಿ ಅವರದು ತಪ್ಪಿಲ್ಲ. ಸೀಗಡಿಗೆ ಬೇಕಾದ ನೀರನ್ನು ನಮ್ಮಲ್ಲಿ ಯಾರೂ ಅರಿತಿರಲಿಲ್ಲ. ಚೆನ್ನಾಗಿದೆ ಎಂದು ಬರೆದ ನಾವಂತೂ ಅರಿತಿರಲಿಲ್ಲ. ನೀನು ಆ ಪುಟವನ್ನು ಬರೆಯದೆ ಇದ್ದಿದ್ದರೆ ಮುಂದಿನ ಸೀಗಡಿಗಳೂ ಸಾಯುತ್ತಿದ್ದವು. ಪುಟ ಇರಲಿ. ಬೇಕಿದ್ದರೆ ನಮ್ಮ 'ಚೆನ್ನಾಗಿದೆ' ಎಂಬುದನ್ನು ಹೊಡೆದುಹಾಕು. ಅವಳು ಅದನ್ನೂ ಹೊಡೆದುಹಾಕಲಿಲ್ಲ. ಅದರ ಕೆಳಗೆ ತಾಮ್ರದ ಲೆಕ್ಕವನ್ನು ತಾನೇ ಬರೆದಳು.

ಆಮೇಲೆ ಒಂದು ದಿನ ಬಿಟ್ಟು ಒಂದು ದಿನ, ಮೂರು ಬಾರಿ, ಅರ್ಧರ್ಧ ನೀರನ್ನು ಬದಲಿಸಿದರು. ಅರ್ಧದ ಅರ್ಧದ ಅರ್ಧ ಎಂಟನೆಯ ಒಂದು ಪಾಲು. ಕಲ್ಲು ಮರಳುಗಳು ಹೀರಿಕೊಂಡ ತಾಮ್ರ ಮೆಲ್ಲಗೆ ಬಿಟ್ಟುಕೊಳ್ಳುವುದರಿಂದ ತಾಮ್ರವನ್ನು ಹಿಡಿಯುವ ವಸ್ತುವನ್ನು ಸೋಸುಗದಲ್ಲಿಟ್ಟು ಎರಡು ತಿಂಗಳು ಕಾದರು. ಆ ಬಳಿಕ ಬಿಟ್ಟ ಬಸವನಹುಳುಗಳು ಇಂದಿಗೂ ಗಾಜಿನ ಮೇಲಣ ಪಾಚಿಯನ್ನು ಮೇಯುತ್ತಿವೆ. ಸೀಗಡಿಗಳನ್ನು ತರುವ ಧೈರ್ಯವನ್ನು ಮಕ್ಕಳು ಇನ್ನೂ ಮಾಡಿಲ್ಲ.

ಮನೆಯಲ್ಲಿ ಇಂತಹ ತೊಟ್ಟಿಯನ್ನಿಡಬೇಕೆನ್ನುವ ಎಳೆಯರು ಈ ಸಭೆಯಲ್ಲಿದ್ದರೆ ಅವರಿಗೆ ಕೆಲವು ಮಾತುಗಳು. ಆದಷ್ಟು ದೊಡ್ಡ ತೊಟ್ಟಿಯನ್ನೇ ಇಡಿರಿ. ಸಣ್ಣದು ಸುಲಭವೆಂಬುದು ಭ್ರಮೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗುವವರೆಗೆ ಮೀನು ಬಿಡಬೇಡಿ. ಬಿಟ್ಟ ಮೇಲೂ ಒಂದೊಂದಾಗಿ ಬಿಡಿರಿ. ಸ್ಪಂಜನ್ನು ನಲ್ಲಿಯ ನೀರಿನಲ್ಲಿ ತಿಕ್ಕಿ ತೊಳೆಯಬೇಡಿ. ನಲ್ಲಿಯ ಕ್ಲೋರಿನ್ ನಿಮ್ಮ ಕಾಣದ ಸೇವಕರನ್ನೆಲ್ಲ ಕೊಂದೀತು. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಹಿಂಡಿ ಇಡಿರಿ. ಮಳೆಗಾಲದಲ್ಲಿ ವಿದ್ಯುತ್ತು ನಿಂತರೆ ನೀರು ಚಲಿಸದೆ ಮೀನು ಸೂಕ್ಷ್ಮಾಣುಗಳೆರಡಕ್ಕೂ ಉಸಿರು ಕಟ್ಟುತ್ತದೆ. ಬ್ಯಾಟರಿಯ ಗಾಳಿಪಂಪೊಂದು ಕೈಯಲ್ಲಿರಲಿ. ತೊಟ್ಟಿಗೆ ಮುಟ್ಟಿಸುವ ಪಾತ್ರೆಗಳು ಪ್ಲಾಸ್ಟಿಕ್ಕಿನದಾಗಿರಲಿ, ತಾಮ್ರ ಹಿತ್ತಾಳೆಗಳು ಬೇಡ. ಎಲ್ಲಕ್ಕಿಂತ ಮಿಗಿಲಾಗಿ, ತೊಟ್ಟಿಗೆ ಏನನ್ನು ಹಾಕಿದಿರೋ ಅದನ್ನು ಆ ದಿನವೇ, ಇದ್ದದ್ದನ್ನು ಇದ್ದಂತೆ, ಬರೆದಿಡಿ.

ಮಹನೀಯರೇ, ಪುಟ್ಟ ನೀರು ಮರೆಯುವುದಿಲ್ಲವೆಂದೆವು. ದೊಡ್ಡ ನೀರು ನಿಜವಾಗಿಯೂ ಮರೆಯುತ್ತದೆಯೇ? ನಮ್ಮ ಬಂಧುಗಳಾದ ಆ ದ್ವೀಪಗಳ ಸುತ್ತ 1998ರಲ್ಲಿ, 2010ರಲ್ಲಿ, 2016ರಲ್ಲಿ, 2024ರಲ್ಲಿ ಕಡಲು ಮಿತಿಮೀರಿ ಕಾದು, ಹವಳಗಳು ತಮ್ಮೊಳಗಿನ ಪಾಚಿಯನ್ನು ಕಳೆದುಕೊಂಡು ಬೆಳ್ಳಗಾದವು, ಎಷ್ಟೋ ಸತ್ತವು. ಕಾರ್ಖಾನೆಗಳ ಯುಗ ತೊಡಗಿದಂದಿನಿಂದ ಗಾಳಿಗೆ ಸೇರಿದ ಇಂಗಾಲದ ಡೈ ಆಕ್ಸೈಡಿನಲ್ಲಿ ದೊಡ್ಡ ಪಾಲನ್ನು ಕಡಲು ಹೀರಿಕೊಂಡು, ಮೇಲ್ನೀರಿನ ಪಿ.ಎಚ್. ಸುಮಾರು 0.1ರಷ್ಟು ಇಳಿದಿದೆ. ಅಂಕೆ ಚಿಕ್ಕದು; ನಮ್ಮ ಹುಡುಗಿಯ ದಿನಕ್ಕೊಂದು ಲೀಟರೂ ಚಿಕ್ಕದಾಗಿಯೇ ಇದ್ದಿತು. ತೊಟ್ಟಿಯ ನೀರು ಕೆಟ್ಟಾಗ ನಾವು ಅರ್ಧವನ್ನು ಚೆಲ್ಲಿ ಹೊಸ ನೀರನ್ನು ತುಂಬಿದೆವು. ಕಡಲಿಗೆ ಹಾಗೆ ಬದಲಿಸಲು ಬೇರೆ ಕಡಲಿಲ್ಲ.

ನಮ್ಮ ಶಾಲೆಯ ಬಾಗಿಲು ತಮ್ಮೆಲ್ಲರಿಗೂ ತೆರೆದಿದೆ. ಬಿಡುವಾದಾಗ ಮಕ್ಕಳೊಡನೆ ಬಂದು ತೊಟ್ಟಿಯನ್ನು ನೋಡಿರಿ. ಮೀನುಗಳನ್ನು ನೋಡಿದ ಬಳಿಕ ಪಕ್ಕದಲ್ಲಿರುವ ದಿನಚರಿಯನ್ನೂ ಒಮ್ಮೆ ತಿರುವಿಹಾಕಿರಿ.